ಐದು ಸೆಕೆಂಡಿನ ಕರಡಿ

ನಂಜನಗೂಡಿನವರಾದ ನಮಗೆ ಜಾಹೀರಾತಿನ ಮೇಲೆ ಸಿಟ್ಟಾಗುವ ಅಧಿಕಾರ ಸ್ವಲ್ಪ ಕಡಿಮೆಯೇ. ನಮ್ಮೂರಿನ ಹೆಸರು ನಾಡಿನ ಮನೆಮನೆಗೆ ಹೋದದ್ದರಲ್ಲಿ ಶ್ರೀಕಂಠೇಶ್ವರನದು ಎಷ್ಟು ಪಾಲೋ, ಹಲ್ಲುಪುಡಿಯದೂ ಹೆಚ್ಚು ಕಡಿಮೆ ಅಷ್ಟೇ ಪಾಲು. 1913ರಲ್ಲಿ ಬಿ.ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆ ಶುರು ಮಾಡಿದರು. ಅಲ್ಲಿಂದ ಹೊರಟ ಗುಲಾಬಿ ಬಣ್ಣದ ಪುಡಿಯನ್ನು ಎಡ ಅಂಗೈಗೆ ಸುರಿದುಕೊಂಡು, ಬಲಗೈ ತೋರುಬೆರಳಲ್ಲಿ ಉಜ್ಜಿ, ಬಚ್ಚಲ ಗೋಡೆಗೆಲ್ಲ ಬಣ್ಣ ಹಾರಿಸಿ ಬೈಸಿಕೊಂಡ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ರೈಲಿನಲ್ಲಿ ಎದುರು ಸೀಟಿನವರು ‘ಯಾವೂರಾಯ್ತು?’ ಎಂದಾಗ ಹೆಸರು ಹೇಳಿದರೆ ಸಾಕು, ‘ಓ, ಹಲ್ಲುಪುಡಿ!’ ಅನ್ನುತ್ತಾರೆ, ಸ್ವಲ್ಪ ಬಾಯಿಚಪಲದವರಾದರೆ ‘ರಸಬಾಳೆ!’ ಅನ್ನುತ್ತಾರೆ. ಊರೇ ಬ್ರಾಂಡು, ಊರಿನವರೇ ಓಡಾಡುವ ಬೋರ್ಡು.

ಕಪಿಲೆ ನಮ್ಮೂರನ್ನು ದಾಟಿ, ಸುತ್ತೂರಿನ ಮಗ್ಗುಲಲ್ಲಿ ಹರಿದು, ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ಊರಿನವರು ಜಾಹೀರಾತಿನಲ್ಲಿ ನಮಗಿಂತ ಜಾಣರು. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಪುಣ್ಯದಲ್ಲಿ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಪ್ರತೀತಿ. ನಾನು ಕೇಳಿರುವ ಜಾಹೀರಾತುಗಳಲ್ಲಿ ಇದಕ್ಕಿಂತ ಸಭ್ಯವಾದದ್ದು ಇನ್ನೊಂದಿಲ್ಲ. ಹತ್ತು ಪಟ್ಟು ಅನ್ನಲಿಲ್ಲ, ದೇಶಕ್ಕೇ ನಂಬರ್ ಒನ್ ಅನ್ನಲಿಲ್ಲ, ಷರತ್ತುಗಳು ಅನ್ವಯಿಸುತ್ತವೆ ಎಂದು ಉಸಿರು ಕಟ್ಟಿ ಓದಲಿಲ್ಲ. ಒಂದೇ ಒಂದು ಗುಲಗಂಜಿ! ಕಾಶಿಯವರಿಗೂ ಬೇಜಾರಾಗಬಾರದು, ನಮ್ಮ ಮರ್ಯಾದೆಯೂ ಉಳಿಯಬೇಕು. 1989ರಲ್ಲಿ ಶುರುವಾದ ಅಲ್ಲಿನ ಕುಂಭಮೇಳ 2025ರ ಫೆಬ್ರವರಿಯಲ್ಲೂ ನಡೆಯಿತು. ಸಂಗಮದಲ್ಲಿ ಮುಳುಗು ಹಾಕಲು ಬಂದ ಅಷ್ಟೂ ಜನ ಆ ಗುಲಗಂಜಿಯನ್ನು ನಂಬಿದವರೇ.

ಹೀಗೆ ಎರಡೂ ಕಡೆಯ ನೀರು ಕುಡಿದವನು ನಾನು. ಆದ್ದರಿಂದ ಮಾರುವವರನ್ನು ಕಂಡರೆ ನನಗೆ ಪ್ರೀತಿಯೇ. ನಮ್ಮೂರ ದೊಡ್ಡ ಜಾತ್ರೆಯಲ್ಲಿ ಹಾವು ಮುಂಗುಸಿ ಕಾಳಗ ತೋರಿಸುತ್ತೇನೆಂದು ಜನ ಸೇರಿಸುತ್ತಿದ್ದವನನ್ನು ನಾನು ಇಂದಿಗೂ ಆ ವಿದ್ಯೆಯ ಗುರು ಎಂದೇ ತಿಳಿದಿದ್ದೇನೆ. ನೆಲದ ಮೇಲೆ ಕಡ್ಡಿಯಲ್ಲಿ ದುಂಡಗೆ ಗೆರೆ ಎಳೆಯುತ್ತಿದ್ದ. ಒಂದು ಕಡೆ ಗೂಟಕ್ಕೆ ಕಟ್ಟಿದ ಮುಂಗುಸಿ, ಇನ್ನೊಂದು ಕಡೆ ಮುಚ್ಚಿದ ಬುಟ್ಟಿ. ‘ಮಕ್ಕಳೆಲ್ಲ ಜೋರಾಗಿ ಚಪ್ಪಾಳೆ ಹೊಡೀರಿ! ಈಗ ಬಿಡ್ತೀನಿ ನೋಡಿ!’ ಎಂದು ಬುಟ್ಟಿಯ ಮುಚ್ಚಳಕ್ಕೆ ಕೈ ಇಡುತ್ತಿದ್ದ. ಇಟ್ಟ ಕೈ ಹಾಗೇ ಜೇಬಿಗೆ ಹೋಗಿ ಒಂದು ತಾಯತ ತೆಗೆಯುತ್ತಿತ್ತು. ತಾಯತದ ಕಥೆ ಮುಗಿದರೆ ಹಲ್ಲುನೋವಿನ ಎಣ್ಣೆ, ಎಣ್ಣೆ ಮುಗಿದರೆ ಜಂತುಹುಳುವಿನ ಪುಡಿ. ನಡುವೆ ಯಾರಾದರೂ ಹೊರಟರೆ ‘ಗೆರೆ ದಾಟಿ ಹೋದೋರು ರಕ್ತ ಕಾರ್ತಾರೆ’ ಎಂದು ಹೆದರಿಸುತ್ತಿದ್ದ. ಸ್ಕಿಪ್ ಮಾಡಲಾಗದ ಜಾಹೀರಾತನ್ನು ಕ್ಯಾಲಿಫೋರ್ನಿಯಾದವರು ಕಂಡುಹಿಡಿದರೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಾಳಗವನ್ನಂತೂ ಯಾರೂ ಕಂಡವರಿಲ್ಲ.

ಆದರೆ ಅದೇ ಮನುಷ್ಯ, ಗೌತಮ ರಥ ಅಲುಗಿತು ಎಂದು ಗೊತ್ತಾದ ಕ್ಷಣ ಬಾಯಿ ಮುಚ್ಚುತ್ತಿದ್ದ. ಐದು ತೇರುಗಳೂ ಮುಂದೆ ಸಾಗುವವರೆಗೆ ಬುಟ್ಟಿ ಪಕ್ಕಕ್ಕಿಟ್ಟು, ಎಲ್ಲರ ಜೊತೆ ತಾನೂ ಹಣ್ಣು ಜವನ ಎಸೆದು ಕೈ ಮುಗಿಯುತ್ತಿದ್ದ. ಭಕ್ತಿಯೋ ವ್ಯಾಪಾರದ ಬುದ್ಧಿಯೋ ಹೇಳಲಾರೆ. ತೇರು ಹೊರಟ ಮೇಲೆ ತನ್ನ ಮಾತು ಯಾರಿಗೂ ಬೇಡ ಎಂಬಷ್ಟು ಸಂದರ್ಭಜ್ಞಾನ ಅವನಿಗಿತ್ತು.

ಟೆಂಟ್ ಸಿನಿಮಾದಲ್ಲೂ ಅಷ್ಟೇ. ಮೊದಲು ಊರಿನ ಬಟ್ಟೆ ಅಂಗಡಿಯ ಸ್ಲೈಡು, ಆಮೇಲೆ ಫಿಲಂಸ್ ಡಿವಿಷನ್‌ನವರ ಕಪ್ಪುಬಿಳುಪು ಸುದ್ದಿಚಿತ್ರ. ಅದರಲ್ಲಿ ಎಲ್ಲೋ ನೆರೆ ಬಂದಿರುತ್ತಿತ್ತು, ಯಾರೋ ಮಂತ್ರಿ ಟೇಪು ಕತ್ತರಿಸುತ್ತಿದ್ದರು. ಜನ ಕಡಲೆಕಾಯಿ ಸುಲಿಯುತ್ತ ಕೂತಿರುತ್ತಿದ್ದರು. ಸ್ಲೈಡು ಇಂಟರ್‌ವಲ್‌ನಲ್ಲಿ ಇನ್ನೊಮ್ಮೆ ಬಂದು ಹೋಗುತ್ತಿತ್ತು. ರಾಜ್‌ಕುಮಾರ್ ಹಾಡುತ್ತಿರುವಾಗ ಪಲ್ಲವಿಗೂ ಚರಣಕ್ಕೂ ಮಧ್ಯೆ ಬನಿಯನ್ ಮಾರುವ ಧೈರ್ಯ ಯಾವ ಅಂಗಡಿಯವನಿಗೂ ಇರಲಿಲ್ಲ. ಇದ್ದಿದ್ದರೆ ಟೆಂಟು ಉಳಿಯುತ್ತಿರಲಿಲ್ಲ.

ರೇಡಿಯೋ ಇನ್ನೂ ನಿಧಾನ. 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದಾಗ ಅವರ ತಲೆಯಲ್ಲಿ ಇದ್ದದ್ದು ಸಂಗೀತ, ಸಾಹಿತ್ಯ, ಸಾಬೂನಲ್ಲ. ವಿವಿಧ ಭಾರತಿಗೆ ಜಾಹೀರಾತು ಕಾಲಿಟ್ಟದ್ದು 1967ರಲ್ಲಿ, ದೂರದರ್ಶನಕ್ಕೆ 1976ರಲ್ಲಿ. ಖಾಸಗಿ ಚಾನೆಲ್ಲುಗಳ ಕಾಲದಲ್ಲಿ ವಿಪರೀತವಾದಾಗ ಸರ್ಕಾರ ಒಂದು ಲೆಕ್ಕ ಇಟ್ಟಿತು: ಗಂಟೆಗೆ 12 ನಿಮಿಷ, ಅದರಲ್ಲಿ 10 ನಿಮಿಷ ಜಾಹೀರಾತಿಗೆ, 2 ನಿಮಿಷ ಚಾನೆಲ್ಲಿನವರ ಸ್ವಂತ ತುತ್ತೂರಿಗೆ. ಪಾಲಿಸಿದವರೆಷ್ಟು, ಕೋರ್ಟಿಗೆ ಹೋದವರೆಷ್ಟು ಎಂಬುದು ಬೇರೆ ಮಾತು. ಕಾಗದದ ಮೇಲಾದರೂ ಒಂದು ಮಿತಿ ಇತ್ತು. ಸೀರಿಯಲ್ ನಿಂತಾಗ ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟು ಹೊತ್ತು ಸಿಗುತ್ತದೆ ಎಂಬುದು ಮನೆಯ ಹೆಂಗಸರಿಗೆ ಗೊತ್ತಿತ್ತು.

ಫೋನಿಗೆ ಮಾತ್ರ ಈ ಲೆಕ್ಕ ಯಾವುದೂ ಇಲ್ಲ.

ನರಸೀಪುರದಲ್ಲಿರುವ ನನ್ನ ಚಿಕ್ಕಮ್ಮನ ದೇವರ ಮನೆಗೆ ಬನ್ನಿ. ಕಾರ್ತಿಕ ಸೋಮವಾರ. ಮಗ ಬೆಂಗಳೂರಿನಿಂದ ತಂದುಕೊಟ್ಟ ಫೋನು ತೀರ್ಥದ ಚೊಂಬಿಗೆ ಒರಗಿ ನಿಂತಿದೆ. ಅದರಲ್ಲಿ ಶಿವನ ಅಷ್ಟೋತ್ತರ. ಒಂದೊಂದು ‘ನಮಃ’ಕ್ಕೂ ಚಿಕ್ಕಮ್ಮ ಒಂದೊಂದು ಬಿಲ್ವದೆಲೆ ಏರಿಸುತ್ತಿದ್ದಾರೆ. ಲಯ ಕೂತಿದೆ, ಕಣ್ಣು ಅರೆ ಮುಚ್ಚಿದೆ. ಬಿಲ್ವ ಹಿಡಿದ ಕೈ ಮುಂದೆ ಹೋಗುತ್ತಿರುವಾಗ ಒಬ್ಬಳು ಹುಡುಗಿ ಕಿರುಚುತ್ತಾಳೆ: ‘ಹಾಯ್ ಫ್ರೆಂಡ್ಸ್! ಅರ್ಜೆಂಟಾಗಿ ಸಾಲ ಬೇಕಾ?’

‘ಬೇಡ ಕಣಮ್ಮ,’ ಎಂದುಬಿಟ್ಟರು ಚಿಕ್ಕಮ್ಮ.

ಕೇಳಿದವರಿಗೆ ಉತ್ತರ ಕೊಡದೆ ಇರುವುದು ಅವರ ಜಾಯಮಾನದಲ್ಲೇ ಇಲ್ಲ. ಎಲೆ ಗಾಳಿಯಲ್ಲೇ ನಿಂತಿತು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಬಿಲ್ವ, ಬೆರಳೆಲ್ಲ ನೀರು, ವಿಭೂತಿ. ಒದ್ದೆ ಬೆರಳನ್ನು ಫೋನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಒಂದು ಸಲ ಒತ್ತಿದರು, ಎರಡು ಸಲ ಒತ್ತಿದರು, ಕೊನೆಗೆ ಸೆರಗಿನ ತುದಿಯಲ್ಲಿ ಬೆರಳು ಒರೆಸಿಕೊಂಡು ಒತ್ತುವಷ್ಟರಲ್ಲಿ ಹುಡುಗಿ ಹೋಗಿ ಮಂಡಿನೋವಿನ ಎಣ್ಣೆ ಬಂದಿತ್ತು. ಚಿಕ್ಕಮ್ಮ ತಟ್ಟನೆ ನನ್ನ ಕಡೆ ತಿರುಗಿ, ‘ಇದು ಬೇಕಾಗಿತ್ತು ಕಣೋ, ನಂಬರ್ ಬರ್ಕೊ!’ ಅಂದರು. ಅಷ್ಟರಲ್ಲಿ ಶಿವನ ಎಷ್ಟನೆಯ ಹೆಸರಿನಲ್ಲಿ ನಿಂತಿದ್ದೆವು ಎಂಬುದು ಇಬ್ಬರಿಗೂ ಮರೆತಿತ್ತು. ಅವರ ಫೋನಿನ ಬಲತುದಿಯ ಕೆಳಗೆ, ಸ್ಕಿಪ್ ಬರುವ ಜಾಗದಲ್ಲಿ, ಸದಾ ಒಂದು ವಿಭೂತಿಯ ಗುರುತು ಇರುತ್ತದೆ.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂದು ನಮ್ಮ ಹಿರಿಯರು ಏನನ್ನು ನೋಡಿ ಹೇಳಿದರೋ ಕಾಣೆ. ನನಗಂತೂ ಆ ಗಾದೆ ಅರ್ಥವಾದದ್ದು ಅವತ್ತು. ಹಳೆಯ ಕರಡಿಗೂ ಹೊಸ ಕರಡಿಗೂ ಇರುವ ವ್ಯತ್ಯಾಸವೆಂದರೆ, ಹೊಸದಕ್ಕೆ ನಮ್ಮ ಮಂಡಿನೋವೂ ಗೊತ್ತು. ಚಿಕ್ಕಮ್ಮ ಹಿಂದಿನ ವಾರ ಮಂಡಿಯ ವ್ಯಾಯಾಮದ ವಿಡಿಯೋ ನೋಡಿದ್ದರು. ನಾವು ಹಾಡಿನ ಮೇಲೆ ಬೆರಳಿಟ್ಟು ಅದು ಶುರುವಾಗುವಷ್ಟರಲ್ಲಿ, ರೆಪ್ಪೆ ಬಡಿಯುವುದಕ್ಕೂ ಮುಂಚೆ, ನಮ್ಮ ವಯಸ್ಸು, ಊರು, ಹಿಂದೆ ನೋಡಿದ್ದು ಎಲ್ಲವನ್ನೂ ಮುಂದಿಟ್ಟುಕೊಂಡು ಒಂದು ಹರಾಜು ನಡೆದುಹೋಗಿರುತ್ತದೆ. ಕೂಗಿದವನಿಗೆ ನಮ್ಮ ಐದು ಸೆಕೆಂಡು.

ಈ ಐದು ಸೆಕೆಂಡಿನ ಪದ್ಧತಿಯನ್ನು ಯೂಟ್ಯೂಬ್ ತಂದದ್ದು 2010ರಲ್ಲಿ, ಅದೂ ನೋಡುಗರ ಮೇಲಿನ ಕರುಣೆಯಿಂದ ಎಂಬಂತೆ. ಬೇಡವಾದರೆ ದಾಟಿ ಹೋಗಿ. ಮೂವತ್ತು ಸೆಕೆಂಡು, ಇಲ್ಲವೇ ಜಾಹೀರಾತು ಅದಕ್ಕಿಂತ ಚಿಕ್ಕದಾದರೆ ಪೂರ್ತಿ, ನೋಡಿದರೆ ಮಾತ್ರ ಕಂಪನಿಯವರು ದುಡ್ಡು ಕಟ್ಟಿದರೆ ಸಾಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹಾಗಾದರೆ ಮೊದಲ ಐದು ಸೆಕೆಂಡು ಅವರಿಗೆ ಪುಕ್ಕಟೆ ತಾನೆ? ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ! ಹೆಸರು, ಬೆಲೆ, ಕಿರುಚಾಟ ಎಲ್ಲವನ್ನೂ ಆ ಐದರೊಳಗೇ ತುರುಕಿದರು. ಆಮೇಲೆ ದಾಟಲು ಬಿಡದವು ಬಂದವು, ಒಂದರ ಬೆನ್ನಿಗೆ ಒಂದು ಬರುವ ಜೋಡಿ ಬಂದವು. 2020ರಲ್ಲಿ ಇನ್ನೊಂದು ಸಡಿಲಿಕೆ: ನಡುವೆ ಜಾಹೀರಾತು ತೂರಿಸಲು ಮೊದಲು ವಿಡಿಯೋ ಹತ್ತು ನಿಮಿಷ ಇರಬೇಕಿತ್ತು, ಈಗ ಎಂಟು ನಿಮಿಷವಿದ್ದರೆ ಸಾಕು. ಎಲ್ಲಿ ತೂರಿಸಬೇಕೆಂದು ವಿಡಿಯೋ ಮಾಡಿದವರು ಹೇಳದಿದ್ದರೆ ಯಂತ್ರವೇ ತೀರ್ಮಾನ ಮಾಡುತ್ತದೆ. ಮಾತಿನ ಮಧ್ಯೆ ಕತ್ತರಿಸದೆ ಸಹಜ ವಿರಾಮ ನೋಡಿಕೊಂಡು ಹಾಕುತ್ತೇವೆ ಎಂದು 2025ರಲ್ಲಿ ಅವರೇ ಹೇಳಿದರು. ಯಂತ್ರಕ್ಕೆ ಸಹಜ ವಿರಾಮವೆಂದರೆ ಮೌನ. ಆಲಾಪನೆಯಲ್ಲಿ ವಿದ್ವಾಂಸರು ಷಡ್ಜಕ್ಕೆ ಬಂದು ಕಣ್ಮುಚ್ಚಿ ಉಸಿರು ತೆಗೆದುಕೊಳ್ಳುವುದೂ ಅದಕ್ಕೆ ಖಾಲಿ ಸೈಟೇ.

ಇಂಥ ಹೊತ್ತಿನಲ್ಲಿ ಆಡ್ ಬ್ಲಾಕರ್ ಎಂಬುದು ಹುಟ್ಟದಿದ್ದರೆ ಆಶ್ಚರ್ಯವಾಗುತ್ತಿತ್ತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗ ರಜೆಗೆ ಬಂದಾಗ ನನ್ನ ಲ್ಯಾಪ್‌ಟಾಪಿನ ಫೈರ್‌ಫಾಕ್ಸ್‌ಗೆ ಅದನ್ನು ಹಾಕಿಕೊಟ್ಟ. ‘ಇದು ಜಾಹೀರಾತನ್ನ ಮುಚ್ಚೋದಲ್ಲ ಮಾವ, ಕರೆಯೋದೇ ಇಲ್ಲ’ ಎಂದು ಪಾಠ ಹೇಳಿದ. ಜಾಹೀರಾತು ಕಳಿಸುವ ವಿಳಾಸಗಳದ್ದೊಂದು ದೊಡ್ಡ ಪಟ್ಟಿ ಇರುತ್ತದಂತೆ. ಜಗತ್ತಿನ ಮೂಲೆಮೂಲೆಯ ಜನ ಸಂಬಳವಿಲ್ಲದೆ ಕೂತು ದಿನಾ ಅದನ್ನು ತಿದ್ದುತ್ತಾರಂತೆ. ಆ ವಿಳಾಸಕ್ಕೆ ಬ್ರೌಸರ್ ಕಾಗದವನ್ನೇ ಹಾಕುವುದಿಲ್ಲ. ಕಾಗದ ಹೋಗದಿದ್ದರೆ ನೆಂಟರು ಬರುವುದೂ ಇಲ್ಲ. ಅವನು ಹಾಕಿಕೊಟ್ಟದ್ದರ ಹೆಸರು ಯುಬ್ಲಾಕ್ ಒರಿಜಿನ್. 2014ರಲ್ಲಿ ಅದನ್ನು ಶುರು ಮಾಡಿದ ರೇಮಂಡ್ ಹಿಲ್ ಎಂಬಾತ ಕಾಣಿಕೆಯಾಗಿಯೂ ಒಂದು ಕಾಸು ಮುಟ್ಟುವುದಿಲ್ಲವೆಂದು ಕೇಳಿ ನನಗೆ ಗೌರವ ಉಕ್ಕಿತು. ಎಲ್ಲರೂ ಹಾಗಲ್ಲ. ಅದಕ್ಕಿಂತ ಹಿಂದಿನ ಆಡ್‌ಬ್ಲಾಕ್ ಪ್ಲಸ್‌ನವರು 2011ರಿಂದ ‘ಒಪ್ಪಬಹುದಾದ ಜಾಹೀರಾತು’ ಎಂಬ ಬಾಗಿಲು ತೆರೆದು, ದೊಡ್ಡ ಕಂಪನಿಗಳಿಂದ ಶುಲ್ಕ ಪಡೆದು ಕೆಲವನ್ನು ಒಳಗೆ ಬಿಡುತ್ತ ಬಂದಿದ್ದಾರೆ. ಕಾವಲುಗಾರ ಇದ್ದಲ್ಲಿ ಮಾಮೂಲಿಯೂ ಹಿಂದೆಯೇ ಬರುತ್ತದೆ ಎಂಬುದಕ್ಕೆ ಅಮೆರಿಕ, ಜರ್ಮನಿಯೂ ಹೊರತಲ್ಲ.

ಬ್ಲಾಕರ್ ಬಳಸುವುದು ಕಳ್ಳತನವೇ? 2023ರಲ್ಲಿ ಯೂಟ್ಯೂಬ್ ಹೆಚ್ಚುಕಡಿಮೆ ಹಾಗೇ ನೋಡಿತು. ಬ್ಲಾಕರ್ ಇಟ್ಟುಕೊಂಡವರಿಗೆ ಇನ್ನು ಮೂರು ವಿಡಿಯೋ, ಆಮೇಲೆ ಬಂದ್ ಎಂಬ ಎಚ್ಚರಿಕೆ ತೆರೆಯ ಮೇಲೆ ಬರತೊಡಗಿತು. ಆಮೇಲೆ ಗೂಗಲ್ಲಿನದೇ ಕ್ರೋಮ್ ಬ್ರೌಸರ್ ತನ್ನ ನಿಯಮಗಳನ್ನು ಬದಲಿಸಿದ್ದರಿಂದ ಹಳೆಯ ಯುಬ್ಲಾಕ್ ಅಲ್ಲಿ ನಡೆಯದಂತಾಯಿತು. ಇದರ ಎದುರಿಗೆ ಇನ್ನೊಂದನ್ನೂ ಇಟ್ಟು ನೋಡಬೇಕು. 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ, ಹುಡುಕಾಟದ ಫಲಿತಾಂಶಗಳಲ್ಲಿ ಬ್ಯಾಂಕು ಕಂಪನಿಗಳ ವೇಷ ಹಾಕಿಕೊಂಡು ಬರುವ ಮೋಸದ ಜಾಹೀರಾತುಗಳಿವೆ, ಆಡ್ ಬ್ಲಾಕರ್ ಬಳಸಿ ಎಂದು ತನ್ನ ಜನರಿಗೆ ಬುದ್ಧಿ ಹೇಳಿತು. ಪೊಲೀಸರೇ ‘ಬಾಗಿಲು ಹಾಕಿಕೊಳ್ಳಿ’ ಅನ್ನುವಾಗ ಬಾಗಿಲು ಹಾಕಿಕೊಂಡವನನ್ನು ಕಳ್ಳ ಅನ್ನುವುದು ಹೇಗೆ? ನಮ್ಮಲ್ಲೂ ಸ್ತೋತ್ರ, ಸುಪ್ರಭಾತಗಳ ನಡುವೆ ರಮ್ಮಿ ಆಡಿ ಲಕ್ಷ ಗೆಲ್ಲಿ ಎಂದು ಕರೆದ ಕಾಲವೊಂದಿತ್ತು. ಕರ್ನಾಟಕ 2021ರಲ್ಲಿ ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ತಳ್ಳಿಹಾಕಿತು; ಕೊನೆಗೆ 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆಯೇ ಬಂದು ಆಟವನ್ನೂ ಅದರ ಜಾಹೀರಾತನ್ನೂ ಒಟ್ಟಿಗೆ ನಿಲ್ಲಿಸಿತು. ಅಷ್ಟು ವರ್ಷ ಆ ಕರೆಯನ್ನು ಕೇಳಿಸಿಕೊಂಡ ಹಳ್ಳಿಯ ಹುಡುಗರ ನಷ್ಟವನ್ನು ಯಾವ ಕಾಯ್ದೆಯೂ ತುಂಬಿಕೊಡುವುದಿಲ್ಲ.

ಇಷ್ಟೆಲ್ಲ ವಾದಿಸಿದರೂ ಇನ್ನೊಂದು ಪಕ್ಕದ ಮಾತನ್ನು ನಾನು ಮರೆಯಲಾರೆ. ಪೂರ್ಣ ಪ್ರಮಾಣದ ವಿಡಿಯೋಗಳ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55 ಪಾಲು ಅದನ್ನು ಮಾಡಿದವರಿಗೆ ಹೋಗುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಸೌದೆ ಒಲೆಯ ಮುಂದೆ ಕೂತು ಬಸ್ಸಾರು, ಹುರುಳಿಕಾಳಿನ ಹುಳಿ ಮಾಡಿ ತೋರಿಸುವ ಹೆಣ್ಣುಮಕ್ಕಳಿದ್ದಾರೆ. ಕಂಸಾಳೆ, ನೀಲಗಾರರ ಪದಗಳನ್ನು ಜಾತ್ರೆಗಳಲ್ಲಿ ಚಿತ್ರಿಸಿ ಹಾಕುವ ಹುಡುಗರಿದ್ದಾರೆ. ಜಾಹೀರಾತನ್ನು ನಾನು ಬಾಗಿಲಲ್ಲೇ ತಡೆದರೆ ಆ ಬಸ್ಸಾರನ್ನು ಪುಕ್ಕಟೆ ಉಂಡ ಹಾಗೇ. ಹಾವಿನವನಿಗೆ ದುಡ್ಡು ಕೊಡದೆ ಬಂದದ್ದಕ್ಕೆ ಸಮರ್ಥನೆ ಇದೆ, ಅವನು ಕಾಳಗ ತೋರಿಸಲಿಲ್ಲ. ಇವರು ತೋರಿಸಿದ್ದಾರೆ.

ಹಾಗಾದರೆ ದುಡ್ಡು ಕಟ್ಟಿಯೇ ನೋಡಿದರಾಯಿತಲ್ಲ ಎನ್ನಬಹುದು. ಯೂಟ್ಯೂಬ್ ಪ್ರೀಮಿಯಂ 2019ರಲ್ಲಿ ನಮ್ಮ ದೇಶಕ್ಕೆ ಬಂದಾಗ ತಿಂಗಳಿಗೆ 129 ರೂಪಾಯಿ ಇತ್ತು, 2024ರಲ್ಲಿ 149 ಆಯಿತು. 2025ರಲ್ಲಿ 89 ರೂಪಾಯಿಯ ‘ಲೈಟ್’ ಕೂಡ ಬಂತು; ಅದರಲ್ಲಿ ಬಹುಪಾಲು ವಿಡಿಯೋಗಳಿಗೆ ಜಾಹೀರಾತಿಲ್ಲ, ಆದರೆ ಸಂಗೀತಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಅಂದರೆ ಭಕ್ತಿಗೀತೆ ಕೇಳುವವರಿಗೆ ಅಗ್ಗದ ಮೋಕ್ಷವಿಲ್ಲ. ಪೂರ್ತಿ ದುಡ್ಡು ಕಟ್ಟಿದವರೂ ಪಾರಾದರೆಂದುಕೊಳ್ಳಬೇಡಿ. ಊರು ಸುತ್ತಿ ಹೋಟೆಲಿನ ದೋಸೆ ತೋರಿಸುವವರು ದೋಸೆ ಬಾಯಿಗಿಡುವ ಮೊದಲು ತಾವೇ ತಿರುಗಿ, ‘ಅಂದಹಾಗೆ ಫ್ರೆಂಡ್ಸ್, ಇವತ್ತಿನ ವಿಡಿಯೋ ಪ್ರಾಯೋಜಕರು...’ ಎಂದು ಶುರು ಮಾಡುತ್ತಾರೆ. ಅದು ವಿಡಿಯೋದ ಹೊಟ್ಟೆಯೊಳಗೇ ಇರುವುದರಿಂದ ಪ್ರೀಮಿಯಂನ ಕೈಗೂ ಸಿಗುವುದಿಲ್ಲ. ಚಿಕ್ಕಮ್ಮನಿಗೆ ಈ ದರಪಟ್ಟಿ ವಿವರಿಸಿದೆ. ‘ಮಾತಾಡೋಕೆ ಕಾಸು ಇಸ್ಕೊಳೋರನ್ನ ನೋಡಿದ್ದೆ, ಸುಮ್ನಿರೋಕೂ ಇಸ್ಕೊತಾರಾ?’ ಅಂದರು.

ತಕರಾರು ಫೋನಿಗಷ್ಟೇ ಸೀಮಿತವೂ ಅಲ್ಲ. ಬೆಂಗಳೂರಿನ ಪ್ರೇಕ್ಷಕರೊಬ್ಬರು 2023ರ ಡಿಸೆಂಬರಿನಲ್ಲಿ ಪಿವಿಆರ್ ಚಿತ್ರಮಂದಿರಕ್ಕೆ ‘ಸ್ಯಾಮ್ ಬಹದ್ದೂರ್’ ನೋಡಲು ಹೋದರು. ಟಿಕೆಟ್ಟಿನ ಪ್ರಕಾರ ಆಟ 4.05ಕ್ಕೆ; ಜಾಹೀರಾತು, ಟ್ರೇಲರುಗಳೆಲ್ಲ ಮುಗಿದು ಸಿನಿಮಾ ಶುರುವಾದದ್ದು 4.30ಕ್ಕೆ. ಅವರು ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರು. ಇನ್ನೊಬ್ಬರ ಸಮಯದಿಂದ ಲಾಭ ಮಾಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ ಎಂಬ ಧಾಟಿಯಲ್ಲಿ ಆಯೋಗ 2025ರ ಫೆಬ್ರವರಿಯಲ್ಲಿ ಆದೇಶ ಕೊಟ್ಟಿತು: ಮಾನಸಿಕ ಕಿರುಕುಳಕ್ಕೆ 20,000, ಖರ್ಚಿಗೆ 8,000, ದಂಡವಾಗಿ ಒಂದು ಲಕ್ಷ ರೂಪಾಯಿ. ಮಾರ್ಚಿನಲ್ಲಿ ಹೈಕೋರ್ಟ್ ಇದಕ್ಕೆ ತಡೆ ನೀಡಿತು. ಕಾನೂನಿನ ಸರಿತಪ್ಪು ನ್ಯಾಯಾಧೀಶರಿಗೆ ಬಿಟ್ಟದ್ದು. ನನಗೆ ಖುಷಿಯಾದದ್ದು, ಒಬ್ಬ ಮನುಷ್ಯ ತನ್ನ 25 ನಿಮಿಷಕ್ಕೆ ಬೆಲೆ ಇದೆ ಎಂದು ಕಾಗದದಲ್ಲಿ ಬರೆದುಕೊಟ್ಟನಲ್ಲ, ಅದಕ್ಕೆ. ನಾವೆಲ್ಲ ಐದೈದು ಸೆಕೆಂಡು ಚಿಲ್ಲರೆಯಾಗಿ ಕಳೆದುಕೊಳ್ಳುವವರು. ಚಿಲ್ಲರೆಗೆ ದಾವೆ ಹೂಡುವುದು ಹೇಗೆ?

ಯೋಚಿಸಿದಷ್ಟೂ ನನ್ನ ಜಗಳ ಜಾಹೀರಾತಿನ ಜೊತೆಗಲ್ಲ ಎನ್ನಿಸುತ್ತದೆ. ಮಾರುವವನು ಮಾರಲಿ, ಸ್ವಲ್ಪ ಸುಳ್ಳು ಹೇಳಿದರೂ ನಡೆಯುತ್ತದೆ. ಕೇಳಿಸಿಕೊಳ್ಳುವ ಕಿವಿಯೂ ಒಂದಿಷ್ಟು ಅನುಭವಸ್ಥ ಕಿವಿಯೇ. ಆದರೆ ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅಷ್ಟು ದೊಡ್ಡ ಕಂಪನಿಗೆ ಅದನ್ನು ಯಾರೂ ಕಲಿಸಲಿಲ್ಲ. ಮೊದಲು ಬಂದು ಹೇಳಲಿ, ಮುಗಿದ ಮೇಲೆ ಬಂದು ಹೇಳಲಿ, ಬೇಕಾದರೆ ಇನ್ನೊಂದು ಐದು ಸೆಕೆಂಡು ಹೆಚ್ಚಿಗೆ ತೆಗೆದುಕೊಳ್ಳಲಿ. ನಡುವೆ ಬೇಡ. ಟಿವಿಗೆ ಗಂಟೆಯ ಲೆಕ್ಕ ಬರೆದ ಸರ್ಕಾರ ಫೋನಿಗೆ ಇದೊಂದು ಸಾಲು ಬರೆದರೆ, ಅರ್ಧಕ್ಕರ್ಧ ಜನ ಬ್ಲಾಕರ್ ತೆಗೆದುಹಾಕುತ್ತಾರೆಂದು ನನ್ನ ನಂಬಿಕೆ. ಬರೆಯುವವರೆಗೆ ಜನ ತಮ್ಮ ನಿಯಮ ತಾವೇ ಮಾಡಿಕೊಳ್ಳುತ್ತಾರೆ.

ಚಿಕ್ಕಮ್ಮ ಮಾಡಿಕೊಂಡಿದ್ದಾರೆ. ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಅಷ್ಟೋತ್ತರ, ಸಹಸ್ರನಾಮ, ಮಾದಪ್ಪನ ಪದ ಎಲ್ಲ ತುಂಬಿಸಿಕೊಂಡು ಬಂದಿದ್ದಾರೆ. ಈಗ ದೇವರ ಮನೆಯಲ್ಲಿ ಒಂದು ಪುಟ್ಟ ಸ್ಪೀಕರು. ಇಂಟರ್‌ನೆಟ್ಟಿಲ್ಲ, ಹರಾಜಿಲ್ಲ, ಮಂಡಿಯ ಸುದ್ದಿ ಯಾರಿಗೂ ಗೊತ್ತಿಲ್ಲ. ಹಾಡಿದವರಿಗೆ ಇದರಿಂದ ಬಿಡಿಗಾಸೂ ಹೋಗುವುದಿಲ್ಲ ಎಂದು ನಾನು ಧರ್ಮಸೂಕ್ಷ್ಮ ಎತ್ತಿದೆ. ‘ಹಾಗಾದ್ರೆ ಅವರ ವಿಳಾಸ ಕೊಡು, ಎಂ.ಒ. ಮಾಡ್ತೀನಿ’ ಎಂದು ಬಾಯಿ ಮುಚ್ಚಿಸಿದರು. ಸ್ಪೀಕರಿನ ಗುಂಡಿ ಒತ್ತಿದರು. ಅಷ್ಟೋತ್ತರಕ್ಕೂ ಮೊದಲು ಒಬ್ಬ ಹುಡುಗನ ದನಿ ಗಂಟಲು ಸರಿಮಾಡಿಕೊಂಡು ತನ್ನ ಅಂಗಡಿಯ ಹೆಸರು ಹೇಳಿ, ‘ನಮ್ಮಲ್ಲಿ ಎಲ್ಲಾ ತರಹದ ಮೊಬೈಲ್ ರಿಪೇರಿ ಮಾಡಿಕೊಡಲಾಗುವುದು, ಒಮ್ಮೆ ಭೇಟಿ ಕೊಡಿ’ ಎಂದಿತು.

ನಾನು ನಗಲು ಬಾಯಿ ತೆರೆದೆ. ‘ಸುಮ್ನಿರೋ,’ ಅಂದರು ಚಿಕ್ಕಮ್ಮ, ಬಿಲ್ವದ ಬುಟ್ಟಿಯನ್ನು ಹತ್ತಿರ ಎಳೆದುಕೊಳ್ಳುತ್ತ. ‘ಆ ಹುಡುಗ ಪೂಜೆ ಶುರುವಾಗೋಕೆ ಮುಂಚೆ ಹೇಳಿ ಹೋಗ್ತಾನೆ. ನಿನ್ನ ಫೋನೂ ರಿಪೇರಿ ಇದ್ರೆ ಅಲ್ಲೇ ಕೊಡು.’